ಸದ್ದು ಮಾಡದ ಸಂಗೀತಗಾರ

ಕಂಡಕ್ಟರ್ ಎಂದೊಡನೆ ಕನ್ನಡ ನಾಡಿನಲ್ಲಿ ಯಾರಿಗಾದರೂ ಮೊದಲು ನೆನಪಾಗುವುದು ಖಾಕಿ ಉಡುಪು, ಕೈಯಲ್ಲಿ ಚೀಟಿಯ ಕಟ್ಟು, ತುಟಿಯಲ್ಲಿ ಸೀಟಿ. ಬಸ್ಸು ನಡೆಸುವವನು ಬೇರೆ. ಆದರೂ ಈತ ಸೀಟಿ ಊದದೆ ಬಸ್ಸು ಕದಲದು. ಪಾಶ್ಚಾತ್ಯ ಸಂಗೀತದಲ್ಲಿ ಇದೇ ಹೆಸರನ್ನು ಹೊತ್ತ ಮತ್ತೊಬ್ಬ ಮನುಷ್ಯನಿದ್ದಾನೆ. ಆತನಿಗೆ ಖಾಕಿಯ ಬದಲು ಕರಿಯ ಕೋಟು, ಸೀಟಿಯ ಬದಲು ಮೊಳಕ್ಕಿಂತ ಚಿಕ್ಕದಾದ ಒಂದು ಬಿಳಿಯ ಕೋಲು. ವಾದ್ಯ ನುಡಿಸುವವರು ಬೇರೆ. ಆದರೂ ಈತನ ಕೋಲು ಏಳದೆ ವಾದ್ಯವೃಂದ ಉಸಿರೆತ್ತದು. ಹೋಲಿಕೆ ಇಲ್ಲಿಗೆ ಸಾಕು. ಬಸ್ಸಿನ ಕಂಡಕ್ಟರಿಗೆ ಸ್ವಂತ ಊರಿದೆ, ಸಂಜೆಗೆ ಮನೆಯಿದೆ. ವಾದ್ಯವೃಂದದ ನಾಯಕನ ಮಾತು ಹಾಗಲ್ಲ.

ಸಭಾಮಂದಿರದಲ್ಲಿ ನೂರರಷ್ಟು ವಾದಕರು ಅರ್ಧವರ್ತುಲದಲ್ಲಿ ಕುಳಿತಿರುತ್ತಾರೆ. ಮುಂದೆ ಪಿಟೀಲಿನವರು, ಪಕ್ಕದಲ್ಲಿ ಚೆಲೊ, ಅಂಚಿನಲ್ಲಿ ಆಳೆತ್ತರದ ಡಬಲ್ ಬಾಸ್, ನಡುವೆ ಕೊಳಲು ಮೊದಲಾದ ಊದುವ ವಾದ್ಯಗಳು, ಅವುಗಳ ಹಿಂದೆ ಹಿತ್ತಾಳೆಯ ಕೊಂಬು ಕಹಳೆಗಳು, ಎಲ್ಲಕ್ಕೂ ಹಿಂದೆ ನಗಾರಿ. ಓಬೋ ಎಂಬ ವಾದ್ಯ, ನಮ್ಮ ಮುಖವೀಣೆಯ ದೂರದ ನೆಂಟ, ಒಂದು ಸ್ವರವನ್ನು ಹಿಡಿಯುತ್ತದೆ. ಉಳಿದವರೆಲ್ಲ ಅದಕ್ಕೆ ಶ್ರುತಿ ಕೂಡಿಸಿಕೊಳ್ಳುತ್ತಾರೆ. ಬಳಿಕ ಒಬ್ಬಾತ ನಡೆದು ಬಂದು ಪೀಠವನ್ನೇರಿ, ಸಭೆಗೆ ಬೆನ್ನು ಮಾಡಿ ನಿಲ್ಲುತ್ತಾನೆ. ವೇದಿಕೆಯ ಮೇಲಿರುವ ಅಷ್ಟು ಜನರಲ್ಲಿ ಒಂದು ಸ್ವರವನ್ನೂ ನುಡಿಸದವನು ಆತನೊಬ್ಬನೇ. ಆದರೂ ಕಛೇರಿ ಮುಗಿದ ಮೇಲೆ ಚಪ್ಪಾಳೆಯ ಬಹುಪಾಲು ಅವನಿಗೆ ಸಲ್ಲುತ್ತದೆ. ಇದು ನ್ಯಾಯವೇ ಎಂಬ ಪ್ರಶ್ನೆ ಹೊಸಬರಿಗೆ ಮಾತ್ರವಲ್ಲ, ಆಗಾಗ್ಗೆ ವಾದಕರಿಗೂ ಹುಟ್ಟುವುದುಂಟು.

ಬಲಗೈ ಕಾಲದ ಗತಿಯನ್ನು ತೋರಿಸುತ್ತದೆ. ಎಡಗೈ ಇಲ್ಲಿ ಮೆಲ್ಲಗೆ, ಅಲ್ಲಿ ತುಂಬಿ, ಇಗೋ ಈಗ ನೀವು ಬನ್ನಿ ಎಂದು ಸನ್ನೆ ಮಾಡುತ್ತದೆ. ಮುಂದಿರುವ ಪುಸ್ತಕದಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಂಕ್ತಿಗಳಲ್ಲಿ ಎಲ್ಲ ವಾದ್ಯಗಳ ಸ್ವರಲಿಪಿ ಒಂದರ ಕೆಳಗೊಂದು ಸಾಗುತ್ತಿರುತ್ತದೆ. ಅದನ್ನೆಲ್ಲ ಕಣ್ಣು ಒಮ್ಮೆಗೇ ಓದಬೇಕು. ಇದಕ್ಕಿಂತಲೂ ಕಠಿನವಾದ ಸಂಗತಿ ಮತ್ತೊಂದು. ಆತನ ಕೈ ಸದಾ ನಾದಕ್ಕಿಂತ ಒಂದು ಹೆಜ್ಜೆ ಮುಂದಿರಬೇಕು. ಕಿವಿಯಲ್ಲಿರುವುದು ಈಗಿನ ಮಾತ್ರೆ. ಕೈ ತೋರಿಸಬೇಕಾದುದು ಬರಲಿರುವ ಮಾತ್ರೆ. ಹಿಂದೆ ಫ್ರಾನ್ಸಿನ ದೊರೆಯ ಆಸ್ಥಾನದಲ್ಲಿ ಲ್ಯುಲಿ ಎಂಬ ಸಂಗೀತಗಾರ ಆಳುದ್ದದ ದೊಣ್ಣೆಯನ್ನು ನೆಲಕ್ಕೆ ಕುಟ್ಟಿ ತಾಳ ತೋರಿಸುತ್ತಿದ್ದನಂತೆ. ಒಮ್ಮೆ ಅದು ಅವನ ಕಾಲಿನ ಮೇಲೆಯೇ ಬಿದ್ದು, ಗಾಯ ಕೊಳೆತು, 1687ರಲ್ಲಿ ಆತ ತೀರಿಕೊಂಡ. ಕೋಲು ಸಣ್ಣದಾದುದು ಆಮೇಲೆ.

ನಮ್ಮ ಕಛೇರಿಯಲ್ಲಿ ಇಂಥ ನಾಯಕನಿಗೆ ಎಡೆಯಿಲ್ಲ. ಹಾಡುವವರ ತೊಡೆಯ ಮೇಲೆ ಬೀಳುವ ತಾಳ, ಮೃದಂಗದವರ ಒಂದು ನೋಟ, ಅಷ್ಟರಲ್ಲಿ ಎಲ್ಲವೂ ಮುಗಿಯುತ್ತದೆ. ಹಾಗೆಂದು ಈ ವಿದ್ಯೆ ಮೈಸೂರಿಗೆ ತೀರ ಅಪರಿಚಿತವೂ ಅಲ್ಲ. ಮಹಾರಾಜ ಜಯಚಾಮರಾಜ ಒಡೆಯರು ಪಾಶ್ಚಾತ್ಯ ಸಂಗೀತದಲ್ಲಿ ಗಾಢವಾದ ವ್ಯಾಸಂಗ ಮಾಡಿದವರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದ ಎಳೆಯದಾಗಿದ್ದಾಗ ಅವರು ಅದಕ್ಕೆ ಧನಸಹಾಯ ನೀಡಿದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತನ್ನ ಕೊನೆಗಾಲದಲ್ಲಿ ರಚಿಸಿದ ನಾಲ್ಕು ಗೀತಗಳು 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಪ್ರಥಮವಾಗಿ ಕೇಳಿಬಂದುದು ಮೈಸೂರಿನ ನೆರವಿನಿಂದಲೇ. ಅಂದು ಕೋಲು ಹಿಡಿದವರು ಫುರ್ಟ್‌ವೆಂಗ್ಲರ್. ಕೇಳುಗರ ಪೈಕಿ ಎಷ್ಟು ಮಂದಿಗೆ ಚಾಮುಂಡಿ ಬೆಟ್ಟದ ಹೆಸರು ತಿಳಿದಿತ್ತೋ!

ಮೈಸೂರಿನ ಅರಸರಿಗೆ ವಾದ್ಯವೃಂದವನ್ನು ಪೋಷಿಸಲು ಬೊಕ್ಕಸವಿತ್ತು. ಅದೇ ಹಂಬಲ ಹಿಡಿದ ಇನ್ನೊಬ್ಬರು ಆ ಕಾಲಕ್ಕೆ ಮುಂಬಯಿಯಲ್ಲಿದ್ದರು. ಅವರಲ್ಲಿದ್ದುದು ಒಂದು ಪಿಟೀಲು ಮತ್ತು ಬಹಳಷ್ಟು ಹಟ.

1908ರಲ್ಲಿ ಪಾರ್ಸಿ ಮನೆತನದಲ್ಲಿ ಹುಟ್ಟಿದ ಮೆಹ್ಲಿ ಮೆಹ್ತಾ ಬಹುಮಟ್ಟಿಗೆ ತಾವೇ ಕಲಿತು ಪಿಟೀಲುಗಾರರಾದವರು. ಹೈಫೆಟ್ಸ್ ಎಂಬ ಮಹಾವಾದಕ ಮುಂಬಯಿಗೆ ಬಂದು ನುಡಿಸಿದುದನ್ನು ಕೇಳಿದ ಮೇಲೆ ಅವರಿಗೆ ಬೇರೆ ಲೋಕವೇ ಇಲ್ಲವಾಯಿತು. 1935ರಲ್ಲಿ ಅವರು ಬಾಂಬೆ ಸಿಂಫನಿ ಎಂಬ ವಾದ್ಯವೃಂದವನ್ನು ಕಟ್ಟಿದರು. ಕಟ್ಟಿದರು ಎಂಬ ಮಾತನ್ನು ಇಲ್ಲಿ ಅಕ್ಷರಶಃ ತಿಳಿಯಬೇಕು. ಗೋವೆಯ ಕ್ರೈಸ್ತ ವಾದಕರು, ಪಾರ್ಸಿ ಹವ್ಯಾಸಿಗಳು, ಊದುವ ವಾದ್ಯಗಳಿಗೆ ನೌಕಾದಳದ ಬ್ಯಾಂಡಿನವರು, ಹೀಗೆ ಸಿಕ್ಕಿದವರನ್ನು ಒಟ್ಟುಗೂಡಿಸಿ ಬೀಥೋವನ್ನನ ಕೃತಿಗಳನ್ನು ಅಭ್ಯಾಸ ಮಾಡಿಸುವುದೆಂದರೆ ಹರಿಯುವ ನೀರಿಗೆ ಬುತ್ತಿ ಕಟ್ಟಿದಂತೆ. ಹತ್ತು ವರ್ಷಗಳಾದ ಮೇಲೂ ಅವರಿಗೆ ತಮ್ಮ ಪಿಟೀಲಿನಲ್ಲಿ ತೃಪ್ತಿಯಿರಲಿಲ್ಲ. 1945ರಲ್ಲಿ, ಮೂವತ್ತೇಳರ ಪ್ರಾಯದಲ್ಲಿ, ಹೆಂಡತಿ ಮಕ್ಕಳನ್ನು ಬಿಟ್ಟು ಗುರುವನ್ನರಸಿ ನ್ಯೂಯಾರ್ಕಿಗೆ ಹೋದರು. ನಾಲ್ಕು ವರ್ಷ ಹಿಂದಿರುಗಲಿಲ್ಲ.

ಹಿರಿಯ ಮಗ ಜುಬಿನ್‌ಗೆ ಆಗ ಒಂಬತ್ತು ವರ್ಷ. 1936ರ ಏಪ್ರಿಲ್ 29ರಂದು ಹುಟ್ಟಿದ ಆ ಹುಡುಗನ ಕಿವಿಗೆ ಜೋಗುಳದೊಡನೆಯೇ ವಾದ್ಯಗಳ ಅಭ್ಯಾಸವೂ ಬಿದ್ದಿತ್ತು. ತಂದೆ ಮರಳಿದ ಮೇಲೆ, ಹದಿನಾರು ತುಂಬುವ ಹೊತ್ತಿಗೆ, ಆತ ತಂದೆಯ ವಾದ್ಯವೃಂದದ ಅಭ್ಯಾಸಗಳನ್ನು ತಾನೇ ನಡೆಸುತ್ತಿದ್ದ. ಮನೆಯವರಿಗೆ ಮಾತ್ರ ಮಗ ವೈದ್ಯನಾಗಬೇಕೆಂಬ ಆಸೆ. ಇದರಲ್ಲಿ ಪಾರ್ಸಿಗಳಿಗೂ ನಮ್ಮವರಿಗೂ ಏನೂ ಭೇದವಿಲ್ಲ. ಸೇಂಟ್ ಝೇವಿಯರ್ಸ್ ಕಾಲೇಜಿನಲ್ಲಿ ಎರಡು ವರ್ಷ ಕಳೆಯಿತು. ಒಂದು ದಿನ ಪ್ರಯೋಗಶಾಲೆಯಲ್ಲಿ ಮೀನನ್ನು ಸೀಳಬೇಕೆಂದು ಅಧ್ಯಾಪಕರು ಹೇಳಿದಾಗ ಇನ್ನು ಸಾಕೆಂದು ಹೊರಟುಬಂದುದಾಗಿ ಮೆಹ್ತಾ ಅವರು ಮುಂದೆ ನಗುತ್ತ ಹೇಳಿಕೊಂಡಿದ್ದಾರೆ. ವೈದ್ಯಶಾಸ್ತ್ರಕ್ಕೆ ಆದ ನಷ್ಟವನ್ನು ಅಳೆದವರಿಲ್ಲ.

1954ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ, ಅವರು ವಿಯೆನ್ನಾ ನಗರವನ್ನು ಸೇರಿದರು. ಅದುವರೆಗೆ ಕೇಳಿದ್ದುದು ಗ್ರಾಮಫೋನ್ ತಟ್ಟೆಗಳ ಕರಕರ ದನಿ ಮತ್ತು ತಂದೆ ಕಷ್ಟಪಟ್ಟು ಕೂಡಿಸಿದ ಕೂಟದ ನಾದ. ಅಲ್ಲಿ ವಿಯೆನ್ನಾ ಫಿಲ್‌ಹಾರ್ಮೊನಿಕ್ ವೃಂದವನ್ನು ಅದರದೇ ಚಿನ್ನದ ಬಣ್ಣದ ಮಂದಿರದಲ್ಲಿ ಕೇಳಿದಾಗ ವಾದ್ಯವೃಂದವೆಂದರೆ ಇದು ಎಂಬುದು ತಿಳಿಯಿತು. ಬಾವಿಯ ನೀರನ್ನೇ ಸಮುದ್ರವೆಂದು ತಿಳಿದಿದ್ದವನು ಕಡಲ ದಂಡೆಯ ಮೇಲೆ ನಿಂತಂತೆ. ಆದರೆ ಆ ಬಾವಿಯನ್ನು ತೋಡಿದವರು ಯಾರೆಂಬುದನ್ನು ಅವರು ಮರೆಯಲಿಲ್ಲ. ಮುಂದೆ ಬರುವ ಸಂಗತಿಗಳನ್ನು ಈ ಬೆಳಕಿನಲ್ಲಿಯೇ ನೋಡುವುದು ಒಳ್ಳೆಯದು.

ವಿಯೆನ್ನಾದ ಗುರು ಹನ್ಸ್ ಸ್ವರೋಫ್ಸ್ಕಿ. ಕಠಿನ ಶಿಸ್ತಿನ ಮನುಷ್ಯ. ಕೈಯ ಚಲನೆಯಲ್ಲಿ ಅನಾವಶ್ಯಕವಾದ ಒಂದು ಬಳುಕನ್ನೂ ಆತ ಸಹಿಸುತ್ತಿರಲಿಲ್ಲ. ಶಿಷ್ಯ ಡಬಲ್ ಬಾಸ್ ನುಡಿಸಲು ಕಲಿತರು; ವೃಂದದ ಒಳಗೆ ಕುಳಿತು ನಾಯಕನನ್ನು ನೋಡುವುದೂ ಒಂದು ಪಾಠವಷ್ಟೆ. ದೊಡ್ಡ ನಾಯಕರು ನಡೆಸುವ ಅಭ್ಯಾಸಗಳಿಗೆ ವಿದ್ಯಾರ್ಥಿಗಳಿಗೆ ಪ್ರವೇಶವಿರಲಿಲ್ಲ. ಮೆಹ್ತಾ ಅವರೂ ಅವರ ಸಹಪಾಠಿ ಇಟಲಿಯ ಕ್ಲಾಡಿಯೊ ಅಬ್ಬಾಡೊ ಅವರೂ ಒಂದು ಉಪಾಯ ಹೂಡಿದರು. ಗಾಯಕವೃಂದದಲ್ಲಿ ಮಂದ್ರದ ದನಿಯವರಾಗಿ ಸೇರಿಕೊಂಡರು. ಹಾಡುವ ನೆಪ, ಕಣ್ಣೆಲ್ಲ ಕಾರಯಾನ್, ಬ್ರೂನೊ ವಾಲ್ಟರ್ ಮೊದಲಾದವರ ಕೈಗಳ ಮೇಲೆ. ಆ ಗಾಯಕವೃಂದದ ಎರಡು ಮಂದ್ರದ ದನಿಗಳು ಮುಂದೆ ಲೋಕಪ್ರಸಿದ್ಧ ನಾಯಕರಾದುವು. 1956ರಲ್ಲಿ ಹಂಗೆರಿಯಲ್ಲಿ ದಂಗೆಯೆದ್ದು ನಿರಾಶ್ರಿತರು ಆಸ್ಟ್ರಿಯಾಕ್ಕೆ ಹರಿದುಬಂದಾಗ, ಮೆಹ್ತಾ ಅವರು ಒಂದೇ ವಾರದಲ್ಲಿ ವಿದ್ಯಾರ್ಥಿಗಳ ವಾದ್ಯವೃಂದವೊಂದನ್ನು ಕೂಡಿಸಿ ವಿಯೆನ್ನಾದ ಹೊರಗಿನ ನಿರಾಶ್ರಿತರ ಶಿಬಿರದಲ್ಲಿ ಕಛೇರಿ ನಡೆಸಿದರು. ಸಿಕ್ಕಿದವರನ್ನು ಒಟ್ಟುಗೂಡಿಸುವ ಈ ವಿದ್ಯೆ ವಿಯೆನ್ನಾದಲ್ಲಿ ಕಲಿತದ್ದಲ್ಲವೆಂದು ಹೇಳಬೇಕಾಗಿಲ್ಲ.

ವಾದ್ಯವೃಂದದ ನಾಯಕನಾಗಬಯಸುವ ತರುಣನ ಕಷ್ಟ ವಿಚಿತ್ರವಾದುದು. ಪಿಟೀಲು ಕಲಿಯುವವನಿಗೆ ಪಿಟೀಲು ಸಿಕ್ಕುತ್ತದೆ, ಬಾಗಿಲು ಹಾಕಿಕೊಂಡು ರಾತ್ರಿಯೆಲ್ಲ ಸಾಧನೆ ಮಾಡಬಹುದು. ನಾಯಕನ ವಾದ್ಯವೆಂದರೆ ನೂರು ಜನ. ಅವರನ್ನು ಯಾರು ಕೊಟ್ಟಾರು? 1958ರಲ್ಲಿ ಲಿವರ್‌ಪೂಲಿನಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಮೆಹ್ತಾ ಅವರಿಗೆ ಪ್ರಥಮ ಬಹುಮಾನ ಬಂದಿತು. ಅದರೊಡನೆ ಅಲ್ಲಿಯ ವೃಂದದಲ್ಲಿ ಒಂದು ವರ್ಷದ ಸಹಾಯಕ ಹುದ್ದೆ. ವರ್ಷ ಮುಗಿದ ಮೇಲೆ ಮತ್ತೆ ಬರಿಗೈ.

ಇಂಥವರ ಪಾಲಿಗೆ ದೈವವೆಂದರೆ ಹಿರಿಯರ ಅನಾರೋಗ್ಯ. ಕ್ರೂರವಾದ ಮಾತು, ಆದರೆ ಸತ್ಯ. ಕೆನಡಾದ ಮಾಂಟ್ರಿಯಲ್‌ನಲ್ಲಿ ಇಗೊರ್ ಮಾರ್ಕೆವಿಚ್ ಬರಲಾಗಲಿಲ್ಲ. ಮೆಹ್ತಾ ಬದಲಿಯಾಗಿ ಹೋದರು. ಲಾಸ್ ಏಂಜಲೀಸ್‌ನಲ್ಲಿ ಫ್ರಿಟ್ಸ್ ರೈನರ್ ಬರಲಾಗಲಿಲ್ಲ, ಅಲ್ಲಿಗೂ ಬದಲಿ. 1961ರಲ್ಲಿ ಇಸ್ರೇಲಿನಲ್ಲಿ ಯೂಜೀನ್ ಆರ್ಮಂಡಿ ಬರಲಾಗಲಿಲ್ಲ, ಮತ್ತೆ ಬದಲಿ. ಬದಲಿಯಾಗಿ ಹೋದವನಿಗೆ ಅಭ್ಯಾಸಕ್ಕೆ ಸಿಕ್ಕುವ ಸಮಯ ಅತ್ಯಲ್ಪ. ಪರಿಚಯವಿಲ್ಲದ ನೂರು ಮುಖಗಳು, ಅನೇಕರು ತನ್ನ ತಂದೆಯ ವಯಸ್ಸಿನವರು. ಬಂದವನು ಬಲ್ಲವನೋ ಅಲ್ಲವೋ ಎಂಬುದನ್ನು ಅಂಥ ವಾದಕರು ಮೊದಲ ಕೆಲವು ನಿಮಿಷಗಳಲ್ಲೇ ನಿರ್ಧರಿಸಿಬಿಡುತ್ತಾರೆ. ಮೂರು ಕಡೆಗಳಲ್ಲಿಯೂ ತೀರ್ಪು ಅನುಕೂಲವಾಗಿತ್ತು. ಮೂರೂ ಕಡೆಗಳಿಂದ ಸ್ಥಿರವಾದ ಕರೆ ಬಂದಿತು.

ಲಾಸ್ ಏಂಜಲೀಸಿನ ಪ್ರಸಂಗದಲ್ಲಿ ಸ್ವಲ್ಪ ಕಹಿಯೂ ಇದೆ. ಅಲ್ಲಿ ಮುಖ್ಯಸ್ಥರಾಗಿ ನೇಮಕಗೊಂಡಿದ್ದವರು ಜಾರ್ಜ್ ಶೋಲ್ಟಿ. ಅವರನ್ನು ಒಂದು ಮಾತೂ ಕೇಳದೆ ಆಡಳಿತದವರು ಮೆಹ್ತಾ ಅವರನ್ನು ಸಹಾಯಕರಾಗಿ ಗೊತ್ತುಮಾಡಿದರು. ಶೋಲ್ಟಿ ಸಿಟ್ಟಾಗಿ 1961ರಲ್ಲಿ ರಾಜೀನಾಮೆಯಿತ್ತರು. ಮರುವರ್ಷ ಮುಖ್ಯಸ್ಥನ ಪೀಠ ಇಪ್ಪತ್ತಾರು ವರ್ಷದ ಸಹಾಯಕನಿಗೇ ದೊರೆಯಿತು. ಶೋಲ್ಟಿಯವರ ಸಿಟ್ಟು ಅನ್ಯಾಯವಾದುದೆಂದು ಹೇಳುವಂತಿಲ್ಲ. ತರುಣನ ತಪ್ಪೆಂದೂ ಹೇಳುವಂತಿಲ್ಲ. ಮಾಂಟ್ರಿಯಲ್ ಮತ್ತು ಲಾಸ್ ಏಂಜಲೀಸ್ ಎರಡನ್ನೂ ಕೆಲವು ಕಾಲ ಅವರೊಬ್ಬರೇ ನಡೆಸಿದರು.

ಅಲ್ಲಿಂದ ಮುಂದಿನ ಐವತ್ತು ವರ್ಷಗಳ ಕತೆಯೆಂದರೆ ವಿಮಾನಗಳ ವೇಳಾಪಟ್ಟಿ. 1978ರಲ್ಲಿ ನ್ಯೂಯಾರ್ಕ್, ಆ ವೃಂದದವರು ನಾಯಕರನ್ನು ತುಳಿದುಹಾಕುವವರೆಂದು ಹಿಂದೊಮ್ಮೆ ನಾಲಿಗೆ ಜಾರಿ ನುಡಿದು ಕ್ಷಮೆ ಕೇಳಿದ್ದ ಮೆಹ್ತಾ ಅವರೇ ಅಲ್ಲಿ ಹದಿಮೂರು ವರ್ಷ ಉಳಿದರು. ಇಟಲಿಯ ಫ್ಲಾರೆನ್ಸ್, ಜರ್ಮನಿಯ ಮ್ಯೂನಿಕ್, ವಿಯೆನ್ನಾದ ಹೊಸವರ್ಷದ ಕಛೇರಿ ಐದು ಬಾರಿ. 1990ರಲ್ಲಿ ರೋಮ್ ನಗರದ ಪುರಾತನ ಸ್ನಾನಗೃಹದ ಅವಶೇಷಗಳ ನಡುವೆ ಮೂವರು ಹೆಸರಾಂತ ಗಾಯಕರು ಒಟ್ಟಿಗೆ ಹಾಡಿದಾಗ ಕೋಲು ಹಿಡಿದವರೂ ಅವರೇ. ಅದು ಹಾಡಿಗಿಂತ ಜಾತ್ರೆಯೇ ಹೆಚ್ಚಾಗಿದ್ದ ಸಂಗತಿ. ಪ್ರವಾಸದಲ್ಲಿ ಸಪ್ಪೆ ಊಟಕ್ಕೆ ಬೇಕೆಂದು ಮೆಣಸಿನಕಾಯಿಯನ್ನು ಪುಟ್ಟ ಡಬ್ಬಿಯಲ್ಲಿಟ್ಟುಕೊಂಡು ತಿರುಗುತ್ತಿದ್ದರೆಂಬುದು ಅವರನ್ನು ಬಲ್ಲವರೆಲ್ಲ ಹೇಳುವ ಮಾತು. ಹೊರದೇಶದಲ್ಲಿ ಅಷ್ಟು ದಶಕಗಳು ಬಾಳಿದರೂ ಭಾರತದ ಪೌರತ್ವವನ್ನು ಅವರು ಬಿಡಲಿಲ್ಲ.

ಆದರೆ ಅವರ ಬದುಕಿನ ಅತಿ ದೊಡ್ಡ ನಂಟು ಬೆಳೆದುದು ಇಸ್ರೇಲಿನ ವಾದ್ಯವೃಂದದೊಡನೆ. ಅದೂ ಅವರೂ ಒಂದೇ ವರ್ಷ, 1936ರಲ್ಲಿ, ಹುಟ್ಟಿದವರು. ಜರ್ಮನಿಯಲ್ಲಿಯೂ ಮಧ್ಯ ಯೂರೋಪಿನಲ್ಲಿಯೂ ಯೆಹೂದ್ಯರೆಂಬ ಒಂದೇ ಕಾರಣದಿಂದ ಕೆಲಸ ಕಳೆದುಕೊಂಡ ವಾದಕರನ್ನು ಹ್ಯೂಬರ್ಮನ್ ಎಂಬ ಪಿಟೀಲುಗಾರರು ಆರಿಸಿ ಕರೆತಂದು ಆ ವೃಂದವನ್ನು ಕಟ್ಟಿದ್ದರು. 1967ರಲ್ಲಿ ಯುದ್ಧ ಸಿಡಿದಾಗ ಮೆಹ್ತಾ ಅವರು ಬೇರೆ ಕಛೇರಿಗಳನ್ನು ಬಿಟ್ಟು ಅಲ್ಲಿಗೆ ಧಾವಿಸಿದರು. ಆ ದಿನಗಳಲ್ಲೇ ಜೆರೂಸಲೇಮಿನಲ್ಲಿ ಅವರ ಮಿತ್ರ ಬಾರೆನ್‌ಬಾಯಿಮ್ ಅವರ ಮದುವೆ. ಸಾಕ್ಷಿಗಳು ಯೆಹೂದ್ಯರೇ ಆಗಿರಬೇಕೆಂಬ ನಿಯಮವಿದ್ದುದರಿಂದ ಪುರೋಹಿತರಿಗೆ ಈತ ಪರ್ಷಿಯದಿಂದ ಬಂದ ಮೋಷೆ ಕೋಹೆನ್ ಎಂದು ಹೇಳಲಾಯಿತಂತೆ. ಪಾರ್ಸಿಯ ಪೂರ್ವಿಕರು ಪರ್ಷಿಯದವರೇ ಆದ್ದರಿಂದ ಸುಳ್ಳು ಅರ್ಧವೇ ಎನ್ನಬೇಕು.

ಇಷ್ಟು ಹತ್ತಿರದವರಾಗಿದ್ದೂ, 1981ರ ಒಂದು ರಾತ್ರಿ ಟೆಲ್ ಅವೀವ್‌ನಲ್ಲಿ ಅವರು ಹೊರಗಿನವರಾದರು. ವಾಗ್ನರ್ ಯೆಹೂದ್ಯರನ್ನು ದ್ವೇಷಿಸಿ ಬರೆದವನು, ಹಿಟ್ಲರನಿಗೆ ಪರಮಪ್ರಿಯನಾದವನು. ಜರ್ಮನಿಯಲ್ಲಿ 1938ರಲ್ಲಿ ಯೆಹೂದ್ಯರ ಮೇಲೆ ದಾಳಿ ನಡೆದಂದಿನಿಂದ ಆ ವೃಂದ ಅವನ ಕೃತಿಗಳನ್ನು ಕೈಬಿಟ್ಟಿತ್ತು. ಆದರೆ ಸಂಗೀತದ ದೃಷ್ಟಿಯಿಂದ ವಾಗ್ನರನನ್ನು ಬಿಟ್ಟರೆ ಅನಂತರದ ಮಾಹ್ಲರ್, ಸ್ಟ್ರಾಸ್ ಮುಂತಾದವರ ಬೇರೇ ಇಲ್ಲದಂತಾಗುತ್ತದೆ. ಮಹತ್ತಾದ ವಾದ್ಯವೃಂದವೊಂದು ಅದನ್ನು ನುಡಿಸದೆ ಪೂರ್ಣವಾಗದೆಂಬುದು ಮೆಹ್ತಾ ಅವರ ನಿಲುವು. ಅಂದು ಕಾರ್ಯಕ್ರಮ ಮುಗಿದ ಮೇಲೆ ಅವರು ಸಭೆಯತ್ತ ತಿರುಗಿ, ಈಗ ವಾಗ್ನರನ ಟ್ರಿಸ್ಟನ್ ಕೃತಿಯ ಭಾಗವನ್ನು ನುಡಿಸುತ್ತೇವೆ, ಕೇಳಲು ಮನಸ್ಸಿಲ್ಲದವರು ಹೊರಡಬಹುದು ಎಂದು ತಿಳಿಸಿದರು. ಕೆಲವರು ಎದ್ದುಹೋದರು. ಕೆಲವರು ಕೂಗಿದರು. ಸಾವಿನ ಶಿಬಿರದಿಂದ ಬದುಕಿ ಬಂದಿದ್ದ ಒಬ್ಬಾತ ವೇದಿಕೆಯ ಬಳಿಗೆ ನಡೆದು ಬಂದು, ಅಂಗಿ ಸರಿಸಿ, ಮೈಮೇಲಿನ ಗಾಯದ ಕಲೆಗಳನ್ನು ತೋರಿಸಿದ.

ಆ ಕ್ಷಣದಲ್ಲಿ ಯಾರ ಪಕ್ಷ ಸರಿ? ಕೃತಿಗೂ ಕರ್ತೃವಿನ ನಡತೆಗೂ ಸಂಬಂಧವೇನೆಂದು ಕಾವ್ಯಮೀಮಾಂಸೆಯ ಪುಸ್ತಕಗಳಲ್ಲಿ ವಾದಿಸುವುದು ಸುಲಭ. ಆ ವಾದವನ್ನು ಆ ಮನುಷ್ಯನ ಎದುರಿಗೆ ನಿಂತು ಹೇಳಬಲ್ಲವರು ವಿರಳ. ನಾಯಕನ ಎದುರಿಗಿರುವ ನೂರು ಮಂದಿ ಅವನ ಬೆರಳನ್ನು ನೋಡುತ್ತಾರೆ. ಬೆನ್ನ ಹಿಂದಿರುವವರು ಅವನ ಅಧೀನರಲ್ಲ. ಅವರಿಗೆ ತಮ್ಮದೇ ನೆನಪುಗಳಿವೆ. ಗದ್ದಲದ ನಡುವೆಯೇ ಕೃತಿಯನ್ನು ಕೊನೆಮುಟ್ಟಿಸಲಾಯಿತು. ಆದರೆ ಆ ವೃಂದದ ಕಾರ್ಯಕ್ರಮಗಳಲ್ಲಿ ವಾಗ್ನರನಿಗೆ ಮತ್ತೆ ಸ್ಥಾನ ದೊರೆಯಲಿಲ್ಲ. ಮೆಹ್ತಾ ಅವರನ್ನು ಅಲ್ಲಿಯವರು ಬಿಡಲಿಲ್ಲ, ಅವರೂ ಅಲ್ಲಿಯವರನ್ನು ಬಿಡಲಿಲ್ಲ. ಅದೇ 1981ರಲ್ಲಿ ಆ ಪೀಠವನ್ನು ಅವರಿಗೆ ಆಜೀವ ಪೀಠವೆಂದು ಮಾಡಲಾಗಿತ್ತು. ಆದರೂ ತಮ್ಮ ಕೈಯಿಂದಲೇ ಅದನ್ನು ಬಿಟ್ಟುಕೊಟ್ಟು ಅವರು ಅಲ್ಲಿಂದ ಬೀಳ್ಕೊಂಡುದು 2019ರ ಅಕ್ಟೋಬರಿನಲ್ಲಿ. ಅಷ್ಟರೊಳಗೆ ಆ ಒಂದು ವೃಂದದೊಡನೆಯೇ ಮೂರು ಸಾವಿರಕ್ಕೂ ಹೆಚ್ಚು ಕಛೇರಿಗಳಾಗಿದ್ದುವು.

ಗಾಯಗೊಂಡ ಊರುಗಳತ್ತ ಹೋಗುವ ಚಾಳಿ ಅವರಲ್ಲಿ ಉಳಿಯಿತು. 1994ರಲ್ಲಿ, ಮುತ್ತಿಗೆಯಿನ್ನೂ ಮುಗಿಯದಿದ್ದ ಸರಾಯೆವೊ ನಗರದಲ್ಲಿ, ಸುಟ್ಟುಹೋದ ಗ್ರಂಥಾಲಯದ ಗೋಡೆಗಳ ನಡುವೆ ಆ ಊರಿನವರೇ ಆದ ವಾದಕರನ್ನೂ ಗಾಯಕರನ್ನೂ ಕೂಡಿಸಿ ಮೊಟ್ಸಾರ್ಟನ ಶ್ರಾದ್ಧಗೀತವನ್ನು ನಡೆಸಿದರು. 2013ರ ಸೆಪ್ಟೆಂಬರಿನಲ್ಲಿ ಶ್ರೀನಗರದ ಶಾಲಿಮಾರ್ ಉದ್ಯಾನದಲ್ಲಿ ಮ್ಯೂನಿಕ್ಕಿನ ವಾದಕರೊಡನೆ ಕಾಶ್ಮೀರದ ವಾದಕರೂ ನುಡಿಸಿದರು. ಚಿನಾರ್ ಮರಗಳ ನೆರಳಿನಲ್ಲಿ ಬೀಥೋವನ್. ಹೊರಗೆ ಹರತಾಳ, ಬಂದೂಕಿನ ಕಾವಲು. ಆಹ್ವಾನ ಪಡೆದವರಿಗೆ ಮಾತ್ರ ಪ್ರವೇಶ. ಸಂಗೀತವನ್ನು ಕೇಳಬೇಕಾಗಿದ್ದವರು ಬೇಲಿಯ ಆಚೆ ಉಳಿದರೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವುದು ಕಷ್ಟ.

ಇತ್ತ ಮೆಹ್ಲಿ ಮೆಹ್ತಾ ಅವರೂ ಮುಂಬಯಿಯಲ್ಲಿ ಉಳಿಯಲಿಲ್ಲ. 1955ರಲ್ಲಿ ಮ್ಯಾಂಚೆಸ್ಟರಿನ ವೃಂದವೊಂದನ್ನು ಸೇರಿ, ಅನಂತರ ಅಮೆರಿಕಕ್ಕೆ ಹೋಗಿ, 1964ರಲ್ಲಿ ಲಾಸ್ ಏಂಜಲೀಸಿನಲ್ಲಿ ತರುಣರದೊಂದು ವಾದ್ಯವೃಂದವನ್ನು ಸ್ಥಾಪಿಸಿ, ತೊಂಬತ್ತರ ಹತ್ತಿರ ಬರುವವರೆಗೂ ಅದನ್ನು ನಡೆಸಿದರು. 2002ರಲ್ಲಿ ತೀರಿಕೊಂಡರು. ಅವರು ಬಿಟ್ಟುಹೋದ ಮೇಲೆ ಬಾಂಬೆ ಸಿಂಫನಿ ಬಹುಕಾಲ ಬಾಳಲಿಲ್ಲ. ಮಗ ತನ್ನ ಊರಿಗೆ ಬಂದಾಗಲೆಲ್ಲ ಹೊರಗಿನ ವೃಂದವೊಂದನ್ನು ಕರೆತರಬೇಕಾಗುತ್ತಿತ್ತು; ನೆಂಟರ ಮನೆಗೆ ಊಟಕ್ಕೆ ಹೋಗುವಾಗ ಅಡಿಗೆಯನ್ನೂ ತಾವೇ ಹೊತ್ತುಕೊಂಡು ಹೋದ ಹಾಗೆ. 1995ರಲ್ಲಿ ತಂದೆಯ ಹೆಸರಿನಲ್ಲಿ ಮುಂಬಯಿಯಲ್ಲಿ ಸಂಸ್ಥೆಯೊಂದು ಆರಂಭವಾಗಿ ಮಕ್ಕಳಿಗೆ ಪಾಶ್ಚಾತ್ಯ ಸಂಗೀತವನ್ನು ಕಲಿಸತೊಡಗಿತು.

2006ರಲ್ಲಿ ಮುಂಬಯಿಯ ಪ್ರದರ್ಶನ ಕಲೆಗಳ ರಾಷ್ಟ್ರೀಯ ಕೇಂದ್ರದಲ್ಲಿ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಎಂಬ ವೃಂದ ಹುಟ್ಟಿತು. ಅದರಲ್ಲಿಯೂ ಹೊರದೇಶಗಳಿಂದ ಕರೆಸಿದ ವಾದಕರೇ ಬಹಳ, ನಮ್ಮವರು ಕೆಲವರು. 2023ರ ಆಗಸ್ಟಿನಲ್ಲಿ ಮೆಹ್ತಾ ಅವರು ಈ ವೃಂದವನ್ನು ಮೊದಲ ಬಾರಿಗೆ ನಡೆಸಿದರು. ಆಗ ಅವರಿಗೆ ಎಂಬತ್ತೇಳು ವರ್ಷ. 2018ರ ದೊಡ್ಡ ಕಾಯಿಲೆಯಿಂದ ಎದ್ದವರು. ಹದಿನಾರರ ಹುಡುಗನಾಗಿ ತಂದೆಯ ವಾದಕರ ಎದುರು ಕೈ ಎತ್ತಿದ್ದು ಅದೇ ಊರಿನಲ್ಲಿ, ಎಪ್ಪತ್ತು ವರ್ಷಗಳ ಹಿಂದೆ. ಈ ಬಾರಿ ಅವರು ಯಾರನ್ನೂ ಜೊತೆಗೆ ಕರೆತಂದಿರಲಿಲ್ಲ. ವಾದ್ಯವೃಂದ ಊರಿನಲ್ಲಿಯೇ ಕಾಯುತ್ತಿತ್ತು.